ಅಪ್ಪಣೆಯಿಂದ ಹಕ್ಕಿಗೆ: ಅರಸೀಕೆರೆ, ಹಳೇಬೀಡು, ಬೇಲೂರಲ್ಲಿ ನಿಂತು ಯುರೋಪಿನ ಬದಲಾವಣೆಯನ್ನು ಓದುವುದು ಹೇಗೆ?

ವಾಟ್ಸಾಪ್ ಗ್ರೂಪಲ್ಲೋ ಕಾಲೇಜು ಕ್ಯಾಂಟೀನಲ್ಲೋ ಈ ಜಗಳವನ್ನು ನೀವೂ ಆಡಿರ್ತೀರಿ. ಒಬ್ಬರು ಹೇಳ್ತಾರೆ: ಸಮಾನತೆ, ಧಾರ್ಮಿಕ ಸ್ವಾತಂತ್ರ್ಯ, ವ್ಯಕ್ತಿಯ ಹಕ್ಕು ಎಲ್ಲವೂ ಪಾಶ್ಚಾತ್ಯರಿಂದ ಬಂದದ್ದು, ಅವರು ಬರುವ ತನಕ ನಮ್ಮಲ್ಲಿ ಏನೂ ಇರಲಿಲ್ಲ. ಇನ್ನೊಬ್ಬರು ತಿರುಗಿ ಕೇಳ್ತಾರೆ: ಯುರೋಪಿನವರು ಧರ್ಮದ ಹೆಸರಲ್ಲಿ ಜನರನ್ನು ಸುಡುತ್ತಿದ್ದ ಕಾಲಕ್ಕೆ ಹೊಯ್ಸಳರ ನಾಡಲ್ಲಿ ಬಸದಿಯೂ ಶಿವಾಲಯವೂ ಒಂದೇ ಊರಲ್ಲಿ ಇರಲಿಲ್ವಾ?

ಎರಡೂ ಮಾತಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧ ಯಾವುದು ಅಂತ ತಿಳಿಯೋಕೆ ಎರಡು ಪದಗಳನ್ನು ಬೇರೆ ಮಾಡಿ ನೋಡಬೇಕು: ಅಪ್ಪಣೆ ಮತ್ತು ಹಕ್ಕು. ಮಧ್ಯಯುಗದಿಂದ ಆಧುನಿಕ ಕಾಲಕ್ಕೆ ಪಾಶ್ಚಾತ್ಯ ಜಗತ್ತಿನ ಮೌಲ್ಯಗಳು ಹೇಗೆ ಬದಲಾದವು ಅನ್ನುವ ದೊಡ್ಡ ಕಥೆಯನ್ನು ಈ ಎರಡು ಪದಗಳ ನಡುವಿನ ದಾರಿ ಅಂತ ಓದಬಹುದು. ಆ ದಾರಿಯ ಮೈಲಿಗಲ್ಲುಗಳನ್ನು ನಮ್ಮ ಹಾಸನ ಜಿಲ್ಲೆಯ ಶಾಸನಗಳ ಪಕ್ಕದಲ್ಲಿಟ್ಟು ನೋಡೋಣ.

‘ಮಧ್ಯಯುಗ’ ಅಂದವರು ಯಾರು?

ಮೊದಲು ಒಂದು ಎಚ್ಚರ. ‘ಮಧ್ಯಯುಗ’ ಅನ್ನುವ ಪದವೇ ಯುರೋಪಿನದು. 14ನೇ ಶತಮಾನದ ಇಟಲಿಯ ಕವಿ ಪೆಟ್ರಾರ್ಕ್ ರೋಮ್ ಸಾಮ್ರಾಜ್ಯ ಬಿದ್ದ ನಂತರದ ಕಾಲವನ್ನು ಕತ್ತಲೆ ಅಂತ ಕರೆದ. ಪ್ರಾಚೀನ, ಮಧ್ಯ, ಆಧುನಿಕ ಅನ್ನುವ ಮೂರು ಭಾಗದ ಲೆಕ್ಕವನ್ನು 17ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಕ್ರಿಸ್ಟೊಫ್ ಸೆಲ್ಲಾರಿಯಸ್ ಪಠ್ಯಪುಸ್ತಕಗಳ ಮೂಲಕ ಗಟ್ಟಿ ಮಾಡಿದ. ನಡುವಿನ ಸಾವಿರ ವರ್ಷ ಅವರಿಗೆ ಬೇಡದ ಕಾಲವಾಗಿತ್ತು, ಅದಕ್ಕೇ ‘ಮಧ್ಯ’.

ಭಾರತಕ್ಕೆ ಈ ಕತ್ತರಿ ಬೇರೆ ರೂಪದಲ್ಲಿ ಬಂತು. 1817ರಲ್ಲಿ ಜೇಮ್ಸ್ ಮಿಲ್ ತನ್ನ ಭಾರತದ ಇತಿಹಾಸದಲ್ಲಿ ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಅಂತ ವಿಭಾಗಿಸಿದ. ಆತ ಭಾರತಕ್ಕೆ ಒಮ್ಮೆಯೂ ಬಂದವನಲ್ಲ. ಇವತ್ತು ಟಿವಿ ಚರ್ಚೆಗಳಲ್ಲಿ ‘ಹಿಂದೂ ಯುಗ’, ‘ಮುಸ್ಲಿಂ ಯುಗ’ ಅಂತ ಸಲೀಸಾಗಿ ಹೇಳುವವರು ಅಪ್ಪಟ ದೇಸಿ ಮಾತಾಡ್ತಿದ್ದೇವೆ ಅಂದುಕೊಂಡಿರ್ತಾರೆ. ಅವರ ಕೈಲಿರೋದು ಮಿಲ್ಲನ ಕತ್ತರಿ.

ಆದ್ದರಿಂದ ಇಲ್ಲಿ ‘ಮಧ್ಯಯುಗ’ ಅನ್ನೋದನ್ನು ಬೈಗುಳವಾಗಿ ಬಳಸುತ್ತಿಲ್ಲ, ಕಾಲ ಗುರುತಿಸಲು ಮಾತ್ರ ಬಳಸುತ್ತಿದ್ದೇನೆ.

ಅರಸೀಕೆರೆ, 1220

ಅರಸೀಕೆರೆ ಅಂದರೆ ಬಹುತೇಕರಿಗೆ ರೈಲು ಜಂಕ್ಷನ್ ನೆನಪಾಗುತ್ತೆ. ಊರೊಳಗೆ ಸುಮಾರು 1220ರ ಶಿವಾಲಯ ಇದೆ, ನಕ್ಷತ್ರಾಕಾರದ ಅದರ ಮುಖಮಂಟಪ ಹೊಯ್ಸಳ ಗುಡಿಗಳಲ್ಲೇ ಅಪರೂಪದ್ದು. ಅದೇ ಊರಲ್ಲಿ ಅದೇ ಕಾಲದ ಸಹಸ್ರಕೂಟ ಜಿನಾಲಯವೂ ಇದೆ. ಅದನ್ನು ಕಟ್ಟಿಸಿದವನು ರೇಚರಸ. ಮೊದಲು ಕಳಚುರಿಗಳ ಸೇವೆಯಲ್ಲಿದ್ದು ಆಮೇಲೆ ಎರಡನೇ ವೀರಬಲ್ಲಾಳನ ಆಶ್ರಯಕ್ಕೆ ಬಂದ ದಂಡನಾಯಕ. ‘ವಸುಧೈಕಬಾಂಧವ’ ಅನ್ನೋದು ಅವನ ಬಿರುದು.

ಆಗ ಯುರೋಪಲ್ಲಿ ಏನಾಗ್ತಿತ್ತು? 1209ರ ಜುಲೈಯಲ್ಲಿ ದಕ್ಷಿಣ ಫ್ರಾನ್ಸಿನ ಬೆಝಿಯೇ ಪಟ್ಟಣಕ್ಕೆ ಪೋಪ್ ಕರೆಕೊಟ್ಟ ಸೈನ್ಯ ನುಗ್ಗಿತು. ಕ್ಯಾಥರ್ ಅನ್ನುವ ಬೇರೆ ನಂಬಿಕೆಯ ಕ್ರೈಸ್ತರನ್ನು ಹುಡುಕಿಕೊಂಡು ಬಂದವರು ಊರಿನ ಜನರನ್ನು ಭೇದವಿಲ್ಲದೆ ಕೊಂದರು. 1215ರಲ್ಲಿ ರೋಮಿನಲ್ಲಿ ಸೇರಿದ ನಾಲ್ಕನೇ ಲ್ಯಾಟರನ್ ಸಭೆ, ಯಹೂದಿಗಳೂ ಮುಸ್ಲಿಮರೂ ಗುರುತು ಸಿಗುವಂಥ ಬೇರೆ ಉಡುಪು ತೊಡಬೇಕು ಅಂತ ವಿಧಿಸಿತು. 1231ರ ಹೊತ್ತಿಗೆ ಧರ್ಮವಿಚಾರಣೆಯ ನ್ಯಾಯಾಲಯಗಳು ಶುರುವಾದವು. 1290ರಲ್ಲಿ ಇಂಗ್ಲೆಂಡ್ ತನ್ನ ಯಹೂದಿಗಳನ್ನು ಹೊರಹಾಕಿತು.

ಇದನ್ನು ಬರೀ ಕ್ರೌರ್ಯ ಅಂದುಬಿಟ್ಟರೆ ನಮಗೆ ಅರ್ಥ ಆಗಲ್ಲ. ಅದರ ಹಿಂದೆ ಒಂದು ತರ್ಕ ಇತ್ತು. ಸತ್ಯ ಒಂದೇ, ಅದು ಚರ್ಚಿನ ಕೈಯಲ್ಲಿದೆ. ತಪ್ಪು ನಂಬಿಕೆ ಅನ್ನೋದು ಅಂಟುರೋಗ, ಅದು ಇಡೀ ಊರಿನ ಆತ್ಮವನ್ನು ಕೆಡಿಸುತ್ತೆ. ಹಾಗಾಗಿ ತಡೆಯೋದೇ ಕರುಣೆ. 13ನೇ ಶತಮಾನದ ದೊಡ್ಡ ಚಿಂತಕ ಥಾಮಸ್ ಅಕ್ವಿನಾಸ್, ಹಠ ಬಿಡದ ಧರ್ಮದ್ರೋಹಿಗೆ ಮರಣದಂಡನೆ ಸರಿ ಅಂತಲೇ ವಾದಿಸಿದ. ಆ ಲೋಕದಲ್ಲಿ ‘ನನ್ನ ನಂಬಿಕೆ ನನ್ನಿಷ್ಟ’ ಅನ್ನುವ ಮಾತಿಗೆ ಜಾಗವೇ ಇರಲಿಲ್ಲ.

ಹಾಗಾದ್ರೆ ನಾವೇ ಮುಂದಿದ್ವಾ?

ಅರಸೀಕೆರೆಯಿಂದ ಜಾವಗಲ್ ದಾಟಿ ಹಳೇಬೀಡಿಗೆ ಬನ್ನಿ. ಹೊಯ್ಸಳೇಶ್ವರ ನೋಡಿದ ಬಹಳ ಜನ ವಾಪಸ್ ಬಸ್ ಹತ್ತಿಬಿಡ್ತಾರೆ. ಅಲ್ಲಿಂದ ಸ್ವಲ್ಪವೇ ದೂರದ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ ಬಸದಿ ಇದೆ. 1133ರಲ್ಲಿ ಬೊಪ್ಪದೇವ ತನ್ನ ತಂದೆ, ದಂಡನಾಯಕ ಗಂಗರಾಜನ ನೆನಪಿಗೆ ಕಟ್ಟಿಸಿದ್ದು. ಬೇಲೂರಿನ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠಾಪಿಸಿದ ವಿಷ್ಣುವರ್ಧನ ಈ ಬಸದಿಯ ಪ್ರಸಾದ ಸ್ವೀಕರಿಸಿದ. ಯುದ್ಧದ ಗೆಲುವು ಮತ್ತು ಮಗನ ಜನನ ಎರಡೂ ಅದೇ ವೇಳೆಗೆ ಆದವು ಅಂತ, ದೇವರಿಗೆ ವಿಜಯಪಾರ್ಶ್ವ, ಮಗನಿಗೆ ವಿಜಯನರಸಿಂಹ ಅಂತ ಹೆಸರಿಟ್ಟ. ಅವನ ರಾಣಿ ಶಾಂತಲೆ ಜೈನಳು.

ಹೆಮ್ಮೆಪಡುವ ಸಂಗತಿಯೇ. ಆದರೆ ಇಷ್ಟಕ್ಕೆ ನಿಲ್ಲಿಸಿದರೆ ನಾವೂ ವಾಟ್ಸಾಪ್ ಇತಿಹಾಸವನ್ನೇ ಬರೆದಂತೆ. ಅದೇ ಕಾಲದ ಕರ್ನಾಟಕದಲ್ಲಿ ಇನ್ನೊಂದು ಮುಖವೂ ಇದೆ. ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ, ಏಕಾಂತದ ರಾಮಯ್ಯ ಜೈನರ ಜೊತೆ ಪಂಥ ಕಟ್ಟಿ ಗೆದ್ದು ಜಿನಮೂರ್ತಿ ಒಡೆದದ್ದನ್ನು ವಿಜಯವೆಂದೇ ಹೇಳಿಕೊಳ್ಳುತ್ತದೆ. ಜಾತಿಯ ಗೋಡೆ ದಾಟಲು ಹೊರಟ ಶರಣರಿಗೆ ಕಲ್ಯಾಣದಲ್ಲಿ ಏನಾಯಿತು ಅನ್ನೋದು ಎಲ್ಲರಿಗೂ ಗೊತ್ತು.

ಇತ್ತ ಯುರೋಪೂ ಪೂರ್ತಿ ಕತ್ತಲಾಗಿರಲಿಲ್ಲ. ಪೋಲೆಂಡಿನ ಕಾಲಿಷ್ ಪಟ್ಟಣದಲ್ಲಿ 1264ರಲ್ಲಿ ಅಲ್ಲಿನ ದೊರೆ ಯಹೂದಿಗಳಿಗೆ ರಕ್ಷಣೆಯ ಸನ್ನದು ಕೊಟ್ಟಿದ್ದ. ಎರಡೂ ಕಡೆ ಕೂಡಿ ಬಾಳಿದ್ದೂ ಉಂಟು, ಕಡಿದಾಡಿದ್ದೂ ಉಂಟು. ಯಾವುದು ನಡೆಯಬೇಕು ಅನ್ನೋದು ಅಧಿಕಾರದಲ್ಲಿದ್ದವರ ಮನಸ್ಸಿಗೆ ಬಿಟ್ಟದ್ದಾಗಿತ್ತು. ಅದನ್ನೇ ಅಪ್ಪಣೆ ಅನ್ನೋದು.

ಎರಡು ಅಪ್ಪಣೆಗಳು: 1368 ಮತ್ತು 1598

ಹಾಸನ ಜಿಲ್ಲೆಯದ್ದೇ ಆದ ಶ್ರವಣಬೆಳಗೊಳದಲ್ಲಿ 1368ರ ಒಂದು ಪ್ರಸಿದ್ಧ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಾಗ ಜೈನರು ವಿಜಯನಗರದ ಬುಕ್ಕರಾಯನ ಬಳಿ ದೂರು ಒಯ್ದರು. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡೂ ದರ್ಶನಗಳಿಗೆ ಭೇದವಿಲ್ಲ, ಜೈನರಿಗೆ ಹಾನಿಯಾದರೆ ಅದು ವೈಷ್ಣವರಿಗೇ ಆದ ಹಾನಿ ಅಂತ ತೀರ್ಪು ಕೊಟ್ಟ. ಓದುವಾಗ ಮನಸ್ಸು ತುಂಬಿ ಬರುತ್ತೆ.

ಶಾಸನದ ಮುಂದಿನ ಭಾಗವನ್ನೂ ಓದಬೇಕು. ಬೆಳಗೊಳದ ದೇವರ ಕಾವಲಿಗೆ ವೈಷ್ಣವರು 20 ಮಂದಿಯನ್ನು ನೇಮಿಸಬೇಕು, ಅದಕ್ಕಾಗಿ ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ರಕ್ಷಣೆ ಸಿಕ್ಕಿತು, ಆದರೆ ಅದಕ್ಕೆ ಬೆಲೆ ಇತ್ತು. ಬೆಲೆ ಕೊಡಬೇಕಾದವರು ದೂರು ಕೊಟ್ಟವರೇ.

ಯುರೋಪಿನಲ್ಲಿ ಇಂಥದ್ದೇ ಪ್ರಸಿದ್ಧ ಅಪ್ಪಣೆ ಬಂದಿದ್ದು ಇದಾಗಿ 230 ವರ್ಷಗಳ ನಂತರ. 1517ರಲ್ಲಿ ಮಾರ್ಟಿನ್ ಲೂಥರ್ ಪೋಪನ ಅಧಿಕಾರಕ್ಕೆ ಸವಾಲು ಹಾಕಿದ. ಅಚ್ಚಿನ ಯಂತ್ರ ಆ ಸವಾಲನ್ನು ಊರೂರಿಗೆ ಮುಟ್ಟಿಸಿತು. ಒಂದೇ ಸತ್ಯ, ಒಂದೇ ಚರ್ಚ್ ಅನ್ನುವ ಕಟ್ಟಡ ಬಿರುಕುಬಿಟ್ಟಿತು. ಫ್ರಾನ್ಸಿನಲ್ಲಿ ದಶಕಗಳ ಅಂತರ್ಯುದ್ಧ ನಡೆದು, 1572ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರೊಟೆಸ್ಟೆಂಟರ ಹತ್ಯಾಕಾಂಡವೂ ಆದಮೇಲೆ, 1598ರಲ್ಲಿ ರಾಜ ನಾಲ್ಕನೇ ಹೆನ್ರಿ ನಾಂತ್ ಶಾಸನ ಹೊರಡಿಸಿದ. ಪ್ರೊಟೆಸ್ಟೆಂಟರು ಗೊತ್ತುಮಾಡಿದ ಸ್ಥಳಗಳಲ್ಲಿ ಪ್ರಾರ್ಥನೆ ಮಾಡಬಹುದು ಅಂತ.

ಮೊಮ್ಮಗ ಬಂದ. 1685ರಲ್ಲಿ ಹದಿನಾಲ್ಕನೇ ಲೂಯಿ ಅದನ್ನು ಒಂದೇ ಏಟಿಗೆ ರದ್ದು ಮಾಡಿದ. ಸುಮಾರು ಎರಡು ಲಕ್ಷ ಪ್ರೊಟೆಸ್ಟೆಂಟರು ದೇಶ ಬಿಟ್ಟು ಓಡಿದರು ಅಂತ ಇತಿಹಾಸಕಾರರು ಅಂದಾಜು ಮಾಡ್ತಾರೆ. ತಾತ ಕೊಟ್ಟದ್ದನ್ನು ಮೊಮ್ಮಗ ಕಿತ್ತುಕೊಂಡ. ಅಪ್ಪಣೆಯ ದೌರ್ಬಲ್ಯ ಇಲ್ಲೇ ಇದೆ: ಕೊಟ್ಟ ಕೈಗೆ ವಾಪಸ್ ತಗೊಳ್ಳೋ ಅಧಿಕಾರವೂ ಇರುತ್ತೆ.

ಹಳೇಬೀಡು, 1638

ಮತ್ತೆ ಹಳೇಬೀಡಿನ ಬಸದಿಗೆ ಬರೋಣ. 1638ರ ಹೊತ್ತಿಗೆ ಹೊಯ್ಸಳರು ಹೋಗಿ ಸುಮಾರು ಮುನ್ನೂರು ವರ್ಷ ಆಗಿತ್ತು. ಅದೇ ವಿಜಯಪಾರ್ಶ್ವ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಅನ್ನುವ ವೀರಶೈವ ಲಿಂಗಮುದ್ರೆ ಒತ್ತಿಸಿದ. ವಿಜಯಪ್ಪ ಅನ್ನುವ ಜೈನ ಅದನ್ನು ಅಳಿಸಿದ. ಊರು ಬಿಸಿಯಾಯಿತು. ಕೊನೆಗೆ ವೀರಶೈವ ಮಹಾಮಹತ್ತಿನ ಹಿರಿಯರು ಕೂತು ರಾಜಿ ಮಾಡಿದರು. ಜೈನರು ಮೊದಲು ವಿಭೂತಿ, ವೀಳ್ಯ ಅರ್ಪಿಸಬೇಕು. ಆಮೇಲೆ ಹಿಂದಿನಿಂದ ನಡೆದು ಬಂದಂತೆ ವಿಜಯಪಾರ್ಶ್ವನ ಪೂಜೆ ಮಾಡಿಕೊಳ್ಳಬಹುದು. ಅದಕ್ಕೆ ಅಡ್ಡಿಪಡಿಸುವವರು ಶಿವದ್ರೋಹಿಗಳು. ಇದನ್ನೂ ಕಲ್ಲಲ್ಲಿ ಬರೆಸಿದರು.

ಈ ಶಾಸನವನ್ನು ಎರಡು ರೀತಿ ಓದಬಹುದು. ರಕ್ತ ಹರಿಯದೆ ಜಗಳ ಮುಗಿಯಿತು, ಬಸದಿಯಲ್ಲಿ ಪೂಜೆ ಉಳಿಯಿತು. ಬಲವಿದ್ದವರು ತಮ್ಮವರನ್ನೇ ಶಿವದ್ರೋಹದ ಹೆಸರಲ್ಲಿ ಕಟ್ಟಿಹಾಕಿದರು. ಇದು ಸಣ್ಣ ಮಾತಲ್ಲ. ಇನ್ನೊಂದು ಕಡೆಯಿಂದ ನೋಡಿ: ಜೈನರು ತಮ್ಮದೇ ಬಸದಿಯಲ್ಲಿ ತಮ್ಮ ದೇವರನ್ನು ಪೂಜಿಸುವ ಮೊದಲು ಇನ್ನೊಬ್ಬರ ಗುರುತಿಗೆ ತಲೆಬಾಗಬೇಕಾಯಿತು.

ಅದೇ 1638ರಲ್ಲಿ ಮಧ್ಯ ಯುರೋಪ್ ಮೂವತ್ತು ವರ್ಷಗಳ ಯುದ್ಧದಲ್ಲಿ ಉರೀತಿತ್ತು. 1618ರಲ್ಲಿ ಶುರುವಾಗಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಆ ಯುದ್ಧ 1648ರ ವೆಸ್ಟ್‌ಫಾಲಿಯಾ ಒಪ್ಪಂದದಲ್ಲಿ ಮುಗಿಯಿತು. ಒಪ್ಪಂದದ ಒಂದು ಅಂಶ ಕುತೂಹಲದ್ದು. ಜರ್ಮನ್ ನಾಡುಗಳಲ್ಲಿ ಯಾವ ಚರ್ಚ್ ಯಾರದು ಅನ್ನೋದಕ್ಕೆ 1624ನೇ ಇಸವಿಯನ್ನು ಅಳತೆಯ ವರ್ಷ ಅಂತ ಇಟ್ಟುಕೊಂಡರು. ಆ ವರ್ಷ ಇದ್ದಂತೆ ಮುಂದುವರಿಯಲಿ ಅಂತ. ಹಳೇಬೀಡಿನವರು ‘ಹಿಂದಿನಿಂದ ನಡೆದು ಬಂದಂತೆ’ ಅಂದರು, ವೆಸ್ಟ್‌ಫಾಲಿಯಾದವರು ‘1624ರಲ್ಲಿ ಇದ್ದಂತೆ’ ಅಂದರು. ನಮ್ಮ ಹಳ್ಳಿ ಭಾಷೆಯಲ್ಲಿ ಹೇಳೋದಾದರೆ ಎರಡೂ ಕಡೆ ಗೆದ್ದಿದ್ದು ಮಾಮೂಲು. ಹತ್ತು ವರ್ಷದ ಅಂತರದಲ್ಲಿ ಎರಡೂ ಲೋಕಗಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದವು.

ಹಾಗಿದ್ರೆ ತಿರುವು ಎಲ್ಲಿ?

ಯುರೋಪಿನಲ್ಲಿ ತಿರುವು ಬಂದಿದ್ದು ಪ್ರಶ್ನೆ ಬದಲಾದಾಗ. ‘ರಾಜ ಯಾವ ಯಾವ ಧರ್ಮಕ್ಕೆ ಅವಕಾಶ ಕೊಡಬೇಕು’ ಅನ್ನುವ ಪ್ರಶ್ನೆ ಹೋಗಿ, ‘ಅವಕಾಶ ಕೊಡೋಕೆ ರಾಜ ಯಾರು’ ಅನ್ನುವ ಪ್ರಶ್ನೆ ಬಂತು.

ಇದು ಒಂದೇ ದಿನ ಆಗಲಿಲ್ಲ. 1553ರಲ್ಲಿ ಪ್ರೊಟೆಸ್ಟೆಂಟರ ಜಿನೀವಾ ನಗರವೇ ಮೈಕೆಲ್ ಸರ್ವೆಟಸ್‌ನನ್ನು ಭಿನ್ನ ನಂಬಿಕೆಗಾಗಿ ಸುಟ್ಟಿತು. ಅಂದರೆ ಹಿಂಸೆಗೆ ಒಳಗಾದವರೇ ಅಧಿಕಾರ ಸಿಕ್ಕಾಗ ಹಿಂಸಿಸಿದರು. ಅದನ್ನು ಸೆಬಾಸ್ಟಿಯನ್ ಕ್ಯಾಸ್ಟೆಲಿಯೊ ಖಂಡಿಸಿ ಬರೆದ. 1689ರಲ್ಲಿ ಇಂಗ್ಲೆಂಡಿನ ಜಾನ್ ಲಾಕ್ ಒಂದು ಸರಳ ವಾದ ಮುಂದಿಟ್ಟ: ನಂಬಿಕೆ ಹುಟ್ಟೋದು ಮನಸ್ಸಿನೊಳಗೆ, ದಂಡನೆಯಿಂದ ಅದನ್ನು ಹುಟ್ಟಿಸೋಕಾಗಲ್ಲ, ಆದ್ದರಿಂದ ಅದು ಸರ್ಕಾರದ ಕೆಲಸವೇ ಅಲ್ಲ. ಆದರೆ ಲಾಕ್ ಕೂಡ ನಾಸ್ತಿಕರನ್ನು ಹೊರಗಿಟ್ಟ, ಪೋಪನಿಗೆ ನಿಷ್ಠರಾದವರನ್ನೂ ನಂಬಲಿಲ್ಲ.

ನೂರು ವರ್ಷ ಕಳೆದು 1789ರಲ್ಲಿ ಫ್ರೆಂಚ್ ಕ್ರಾಂತಿಯ ಘೋಷಣೆ, ಮನುಷ್ಯರು ಹುಟ್ಟಿನಿಂದಲೇ ಸ್ವತಂತ್ರರು, ಹಕ್ಕಿನಲ್ಲಿ ಸಮಾನರು ಅಂತ ಸಾರಿತು. 1791ರಲ್ಲಿ ಥಾಮಸ್ ಪೇನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸಹಿಷ್ಣುತೆ ಅನ್ನೋದು ಅಸಹಿಷ್ಣುತೆಯ ವಿರುದ್ಧ ಪದವೇ ಅಲ್ಲ ಅಂದ. ಒಂದು ಕೊಡುವ ದರ್ಪ, ಇನ್ನೊಂದು ಕೊಡದಿರುವ ದರ್ಪ, ದರ್ಪ ಎರಡರಲ್ಲೂ ಒಂದೇ ಅನ್ನೋದು ಅವನ ವಾದ.

ಕನ್ನಡದ ಪದವನ್ನೇ ನೋಡಿ. ಸಹಿಷ್ಣುತೆಯೊಳಗೆ ‘ಸಹಿಸು’ ಇದೆ. ಯಾರನ್ನು ಸಹಿಸ್ತೀವಿ? ಕಿರಿಕಿರಿ ಮಾಡುವವರನ್ನು. ಸಹಿಸುವವನು ಮನೆಯ ಯಜಮಾನ, ಸಹಿಸಿಕೊಳ್ಳಲ್ಪಡುವವನು ಬಾಡಿಗೆಯವನು. ‘ಹಕ್ಕು’ ಬೇರೆ. ಅದು ಅರಬ್ಬಿ ಮೂಲದಿಂದ ಬಂದು ನಮ್ಮದೇ ಆಗಿಹೋದ ಪದ. ಹಕ್ಕು ಇರುವವನಿಗೆ ಯಜಮಾನನ ಮುಖ ನೋಡುವ ಅಗತ್ಯ ಇಲ್ಲ.

ಹಕ್ಕು ಹೇಳಿದವರು ಯಾರಿಗೆ ಕೊಟ್ಟರು?

ಇಲ್ಲಿಗೆ ಯುರೋಪಿಗೆ ಜೈ ಅನ್ನೋಕಾಗಲ್ಲ. 1791ರಲ್ಲಿ ಒಲಂಪ್ ದ ಗೂಜ್ ಎಂಬಾಕೆ, ಹಾಗಿದ್ರೆ ಹೆಂಗಸರ ಹಕ್ಕು ಎಲ್ಲಿ ಅಂತ ಕೇಳಿ ತನ್ನದೇ ಘೋಷಣೆ ಬರೆದಳು. 1793ರಲ್ಲಿ ಕ್ರಾಂತಿಯ ಸರ್ಕಾರ ಆಕೆಯ ತಲೆ ಕಡಿಯಿತು. ಹೈಟಿಯ ಗುಲಾಮರು ಆ ಘೋಷಣೆಯನ್ನು ನಿಜ ಅಂತ ನಂಬಿ 1791ರಲ್ಲಿ ದಂಗೆ ಎದ್ದರು. ಫ್ರಾನ್ಸ್ 1794ರಲ್ಲಿ ಗುಲಾಮಗಿರಿ ರದ್ದು ಮಾಡಿತು, 1802ರಲ್ಲಿ ನೆಪೋಲಿಯನ್ ವಾಪಸ್ ತಂದ. ಹೈಟಿ 1804ರಲ್ಲಿ ಹೋರಾಡಿಯೇ ಸ್ವತಂತ್ರವಾಯಿತು. ನಮ್ಮ ಪಕ್ಕದ ಗೋವಾದಲ್ಲಿ 1560ರಲ್ಲಿ ಶುರುವಾದ ಪೋರ್ಚುಗೀಸರ ಧರ್ಮವಿಚಾರಣೆ ಕೊನೆಗೊಂಡಿದ್ದು 1812ರಲ್ಲಿ. ಲಾಕ್ ಬರೆದು ನೂರು ವರ್ಷ ದಾಟಿದ ಮೇಲೆ! ಬ್ರಿಟನ್ ಕ್ಯಾಥಲಿಕ್ಕರಿಗೆ ಸಂಸತ್ತಿನ ಬಾಗಿಲು ತೆರೆದಿದ್ದು 1829ರಲ್ಲಿ.

ಅಂದರೆ ಹಕ್ಕಿನ ವಿಚಾರ ಹೇಳಿದವರೇ ಅದನ್ನು ಎಲ್ಲರಿಗೂ ಕೊಡಲಿಲ್ಲ. ಹೊರಗೆ ನಿಲ್ಲಿಸಲ್ಪಟ್ಟ ಹೆಂಗಸರು, ಗುಲಾಮರು, ಕಾರ್ಮಿಕರು, ವಸಾಹತಿನ ಜನ ಅದನ್ನು ಕಿತ್ತುಕೊಂಡು ದೊಡ್ಡದು ಮಾಡಿದರು. ಹಾಗಾಗಿ ‘ಪಾಶ್ಚಾತ್ಯ ಮೌಲ್ಯ’ ಅನ್ನುವ ಹಣೆಪಟ್ಟಿಯೇ ಪೂರ್ತಿ ಸರಿಯಲ್ಲ. ಅಂಬೇಡ್ಕರ್ 1954ರ ರೇಡಿಯೋ ಭಾಷಣದಲ್ಲಿ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವವನ್ನು ತಾನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿಲ್ಲ, ಬುದ್ಧನಿಂದ ಪಡೆದೆ ಅಂತ ಸ್ಪಷ್ಟವಾಗಿ ಹೇಳಿದರು.

ಬೇಲೂರು, ಈಗ

ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರ್. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಎಲ್ಲರೂ ಸಂಭ್ರಮಿಸಿದೆವು. ಅದಕ್ಕೂ ಒಂದು ವರ್ಷ ಮೊದಲು ಬೇಲೂರು ಬೇರೆ ಕಾರಣಕ್ಕೆ ಸುದ್ದಿಯಲ್ಲಿತ್ತು. ಚೆನ್ನಕೇಶವನ ರಥೋತ್ಸವದಲ್ಲಿ ಖಾಜಿಯೊಬ್ಬರು ಕುರಾನಿನ ಸಾಲುಗಳನ್ನು ಪಠಿಸುವ ರೂಢಿ ಇತ್ತು. 2022ರಲ್ಲಿ ಕೆಲವು ಸಂಘಟನೆಗಳು ಅದನ್ನು ವಿರೋಧಿಸಿದವು. ಮುಜರಾಯಿ ಇಲಾಖೆ ಸಂಪ್ರದಾಯ ಮುಂದುವರಿಸಲು ಅನುಮತಿ ಕೊಟ್ಟಿತು. 2023ರಲ್ಲಿ ವಿವಾದ ಮತ್ತೆ ಎದ್ದಿತು.

ಆ ಚರ್ಚೆಯಲ್ಲಿ ಗಮನಿಸಬೇಕಾದ್ದು ಒಂದಿದೆ. ಪರ ಇದ್ದವರೂ ವಿರೋಧ ಇದ್ದವರೂ ಹೆಚ್ಚಾಗಿ ಕೇಳಿದ ಪ್ರಶ್ನೆ ಒಂದೇ: ಈ ಪದ್ಧತಿ ನಿಜಕ್ಕೂ ಹಳೆಯದಾ? ಅಂದರೆ ನಾವು ಮತ್ತೆ 1638ರ ಹಳೇಬೀಡಿನಲ್ಲಿ ನಿಂತು ಮಾಮೂಲಿನ ಬಗ್ಗೆ ವಾದ ಮಾಡ್ತಿದ್ದೆವು.

ಆ ರೂಢಿ ಚೆಂದದ್ದು, ಉಳಿಯಬೇಕು ಅನ್ನೋದು ನನ್ನ ಅಭಿಪ್ರಾಯ. ಆದರೆ ಬೇಲೂರಿನ ಒಬ್ಬ ಮುಸ್ಲಿಮನ ಸ್ಥಾನ ಆ ರೂಢಿಯ ಮೇಲೆ ನಿಲ್ಲಬಾರದು. ನಾಳೆ ಯಾರೋ ಹಳೇ ಕಡತ ತೆಗೆದು ಅದು ಹೊಸದು ಅಂತ ಸಾಧಿಸಿದರೂ, ಆತ ಅದೇ ಜಾತ್ರೆಯಲ್ಲಿ ನಡೆದಾಡುವ, ಅದೇ ಬೀದಿಯಲ್ಲಿ ಬದುಕುವ ಹಕ್ಕಿನಲ್ಲಿ ಗುಲಗಂಜಿಯಷ್ಟೂ ಕಡಿಮೆಯಾಗಬಾರದು.

ದಲಿತರ ವಿಷಯದಲ್ಲಿ ಇದು ಇನ್ನೂ ನಿಚ್ಚಳ. ಮೈಸೂರು ಸಂಸ್ಥಾನದ ಹಳೆಯ ಗೆಜೆಟಿಯರ್‌ಗಳಲ್ಲಿ ಮೇಲುಕೋಟೆಯ ಜೊತೆಗೆ ಬೇಲೂರಿನ ಹೆಸರೂ ಬರುತ್ತೆ: ವರ್ಷದಲ್ಲಿ ಗೊತ್ತುಮಾಡಿದ ದಿನಗಳಲ್ಲಿ ‘ಅಸ್ಪೃಶ್ಯ’ರಿಗೆ ದೇವಾಲಯದೊಳಗೆ ಪ್ರವೇಶ ಇತ್ತು ಅಂತ. ಇದನ್ನು ರಾಮಾನುಜಾಚಾರ್ಯರ ಉದಾರತೆ ಅಂತ ಹೊಗಳುವ ಕಥೆ ಇದೆ. ಆ ಕಾಲಕ್ಕೆ ಅದು ದೊಡ್ಡದೇ ಇರಬಹುದು. ಆದರೆ ಕೆಲವೇ ದಿನ ಬಾಗಿಲು ತೆರೀತಿತ್ತು ಅಂದರೆ ಉಳಿದೆಲ್ಲ ದಿನ ಮುಚ್ಚಿತ್ತು ಅಂತಲೇ ಅರ್ಥ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಬಾಗಿಲು ತೆರೆಯುವ ದಿನಗಳನ್ನು ಹೆಚ್ಚು ಮಾಡಲಿಲ್ಲ. ಬಾಗಿಲು ಮುಚ್ಚುವ ಅಧಿಕಾರವನ್ನೇ ಕಿತ್ತುಹಾಕಿತು. 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲ ವ್ಯಕ್ತಿಗಳಿಗೂ ಕೊಟ್ಟಿತು. ಅಲ್ಲಿ ವಿಭೂತಿ-ವೀಳ್ಯದ ಷರತ್ತಿಲ್ಲ, ಮನೆಗೊಂದು ಹಣದ ಕಟ್ಟುಪಾಡಿಲ್ಲ.

ಹಾಗಾಗಿ ಮುಂದಿನ ಸಲ ಆ ಜಗಳ ಬಂದಾಗ ಎರಡೂ ಕಡೆಗೆ ಉತ್ತರ ಕೊಡಬಹುದು. ನಮ್ಮಲ್ಲಿ ಕೂಡಿ ಬಾಳುವ ಪರಂಪರೆ ಇತ್ತು, ಅದಕ್ಕೆ ಕಲ್ಲಿನ ಸಾಕ್ಷಿ ಇದೆ. ಅದು ಹೆಚ್ಚಿನ ಸಲ ಅಪ್ಪಣೆಯಾಗಿತ್ತು, ಅದಕ್ಕೂ ಅದೇ ಕಲ್ಲೇ ಸಾಕ್ಷಿ. ಯುರೋಪ್ ಅಪ್ಪಣೆಯಿಂದ ಹಕ್ಕಿಗೆ ದಾಟಲು ಐದಾರು ಶತಮಾನ ತಗೊಂಡಿತು, ಅದೂ ಅರ್ಧಂಬರ್ಧ. ನಾವು ಕಾಗದದ ಮೇಲೆ ದಾಟಿ ಮುಕ್ಕಾಲು ಶತಮಾನ ಆಗಿದೆ. ಬದುಕಿನಲ್ಲಿ ದಾಟಿದ್ದೇವಾ ಅನ್ನೋದನ್ನು ಪರೀಕ್ಷಿಸೋದು ಸುಲಭ. ನಿಮ್ಮೂರಿನ ಜಾತ್ರೆಯಲ್ಲಿ, ನಿಮ್ಮ ಬೀದಿಯ ಬಾಡಿಗೆ ಮನೆಯಲ್ಲಿ ‘ಅವರನ್ನೂ ಬಿಟ್ಟುಕೊಂಡಿದ್ದೀವಲ್ಲ’ ಅನ್ನುವ ಮಾತು ಇನ್ನೂ ಕೇಳಿಸ್ತಿದ್ಯಾ? ಕೇಳಿಸ್ತಿದ್ದರೆ, ನಾವಿನ್ನೂ ಅಪ್ಪಣೆಯ ಕಾಲದಲ್ಲೇ ಇದ್ದೀವಿ.